ಹಸಿರಾಗಿದ್ದದ್ದೇ ತಪ್ಪಾಯಿತು

ಬೇಸಿಗೆಯಲ್ಲಿ ಊರವರ ಗಿಡವೆಲ್ಲ ಒಣಗಿ ನಿಮ್ಮದೊಂದೇ ಹೂ ಬಿಟ್ಟರೆ ಜನ ಮೊದಲು ಹೊಗಳುತ್ತಾರೆ, ಆಮೇಲೆ ಯೋಚನೆ ಮಾಡುತ್ತಾರೆ. ಕಷ್ಟ ಶುರುವಾಗುವುದು ಅವರು ಯೋಚನೆ ಮಾಡಿದ ಮೇಲೆ. ಟೈಲರಕ್ಕನಿಗೂ ಹಾಗೆಯೇ ಆಯಿತು.

ಆ ಕಟ್ಟಡದ ನೆಲಮಹಡಿಯಲ್ಲಿ ಇದ್ದದ್ದು ಟೈಲರಕ್ಕ, ಅವಳ ಅತ್ತೆ, ಮತ್ತೆ ಮನೆಯ ಯಜಮಾನನಂತೆ ನಡುಕೋಣೆಯಲ್ಲಿ ಕೂತ ಹೊಲಿಗೆ ಯಂತ್ರ. ಬಾಗಿಲ ಮುಂದೆ ಗೋಡೆಯುದ್ದಕ್ಕೂ ಒಂದು ಪಟ್ಟಿ ಮಣ್ಣು. ಅದು ಮುಗಿದಲ್ಲಿಂದ ಬಣ್ಣದ ಡಬ್ಬಿ, ಸೀಳಿದ ಬಕೆಟ್ಟು, ಹಿಡಿ ಹೋದ ಕುಕ್ಕರು. ಎಲ್ಲದರಲ್ಲೂ ಗಿಡ. ಆ ವರ್ಷದ ಬಿಸಿಲಿಗೆ ಬೀದಿಯ ಡಾಂಬರೇ ಚಪ್ಪಲಿಗೆ ಅಂಟುತ್ತಿತ್ತು. ಆದರೂ ಇಲ್ಲಿ ಝಿನ್ನಿಯಾ ಗುಂಡಿ ಹೊಲಿದಂತೆ ಒತ್ತಾಗಿ ಅರಳಿತ್ತು. ಹತ್ತು ಗಂಟೆ ಹೂ ಬಿಸಿಲೇರಿದಷ್ಟೂ ಕಣ್ಣು ಬಿಡುತ್ತಿತ್ತು. ಸೂರ್ಯಕಾಂತಿಯೊಂದು ಮೊದಲ ಮಹಡಿಯ ಕಿಟಕಿಯಲ್ಲಿ ಇಣುಕುವಷ್ಟು ಬೆಳೆದಿತ್ತು.

ಇದರಲ್ಲಿ ಮಂತ್ರವೇನೂ ಇರಲಿಲ್ಲ. ನೀರಿನ ಅಭಾವ ಬಂದಾಗ, ನಲ್ಲಿ ನೀರನ್ನು ಗಿಡಕ್ಕೆ ಹಾಕಬಾರದೆಂದು ಕಟ್ಟಡದ ಸೆಕ್ರೆಟರಿ ಅಪ್ಪಣೆ ಮಾಡಿದ್ದ. ಟೈಲರಕ್ಕ ಅದನ್ನು ಮೀರಲಿಲ್ಲ. ಮೂರನೇ ಮಹಡಿಯ ಟೀಚರಮ್ಮ ಬೇಳೆ ತೊಳೆದ ನೀರನ್ನು ಚೆಲ್ಲುವುದನ್ನು ಕಂಡು, "ಅಯ್ಯೋ, ನಂಗೆ ಕೊಡೇ, ನನ್ನ ಮಕ್ಕಳು ಕುಡೀತವೆ" ಅಂದಳು. ಅಲ್ಲಿಂದ ಶುರು. ಒಂದು ಮನೆ ನೋಡಿ ಇನ್ನೊಂದು ಮನೆಯವರು ಕಾಳು ತೊಳೆದದ್ದು, ತರಕಾರಿ ತೊಳೆದದ್ದು ಎಲ್ಲ ಬಕೆಟ್ಟಿನಲ್ಲಿ ಕೂಡಿಟ್ಟು ಮೆಟ್ಟಿಲ ತಿರುವಿನಲ್ಲಿ ಇಡತೊಡಗಿದರು. ಟೈಲರಕ್ಕ ಬೆಳಿಗ್ಗೆ ಹತ್ತಿ ಹೋಗಿ ಇಳಿಸಿಕೊಳ್ಳುವಳು. ಅದಕ್ಕೆ ಬದಲಾಗಿ ಅವರ ಮಕ್ಕಳ ಹರಿದ ಜೇಬು, ಬಿಚ್ಚಿದ ಅಂಚು ಕೇಳದೆಯೇ ರಿಪೇರಿಯಾಗುತ್ತಿತ್ತು. ನೀರು ಆರದಿರಲೆಂದು ಪ್ರತಿ ಕುಂಡದ ಮಣ್ಣಿಗೂ ಅವಳು ಕತ್ತರಿಸಿ ಉಳಿದ ಬಟ್ಟೆ ಚೂರು ಹೊದಿಸುತ್ತಿದ್ದಳು. ಕುಕ್ಕರಿನ ಗಿಡ ಸೆಕ್ರೆಟರಿಯ ಪ್ಯಾಂಟು ಹೊದ್ದಿದೆ ಎಂದು ಅತ್ತೆ ನಗುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಮೇಲಿನ ತೊಟ್ಟಿ ಬರಿದಾಯಿತು. ಎರಡೆರಡು ಹೊತ್ತು ಸ್ನಾನ ಮಾಡುವವರಿದ್ದ ಕಟ್ಟಡದಲ್ಲಿ ತೊಟ್ಟಿ ಬರಿದಾಗಲು ಕಳ್ಳರೇ ಬರಬೇಕಿರಲಿಲ್ಲ. ಆದರೆ ಸೆಕ್ರೆಟರಿ ಆಗ ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದ. ಕಣ್ಣಿನ ಉರಿ ನೆತ್ತಿಗೇರಿತು. ಸಂಜೆ ಗಾಡಿ ನಿಲ್ಲಿಸುವ ಜಾಗದಲ್ಲಿ ಎಲ್ಲರನ್ನೂ ಸೇರಿಸಿದ.

"ನಮ್ಮನೆ ಗುಲಾಬಿ ಸೌದೆ ಆಗಿದೆ," ಅಂದ. "ನಿಮ್ಮೆಲ್ರ ಬಾಲ್ಕನಿನೂ ನೋಡ್ದೆ, ಬರೀ ಕಡ್ಡಿ. ಇಲ್ಲಿ ಮಾತ್ರ ಉದ್ಯಾನವನ. ನೀರಿಲ್ದೆ ಗಿಡ ಇಷ್ಟು ಹಚ್ಚಗಿರ್ತವಾ? ನಾನು ಯಾರ ಹೆಸರೂ ಹೇಳ್ತಿಲ್ಲ."

"ಹೆಸರು ಯಾಕೆ, ಬೆರಳು ಇತ್ತಲೇ ಇದೆಯಲ್ಲ," ಅಂದಳು ಟೈಲರಕ್ಕ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ," ಅಂದ ಸೆಕ್ರೆಟರಿ.

ನಾಲ್ಕಾರು ಜನ ನಕ್ಕರು. ಆ ನಗು ಅವಳ ಎದೆಗೆ ಸೂಜಿ ಮುರಿದು ಕೂತಂತೆ ಕೂತಿತು. ಬೀದಿಯವರು ಬಟ್ಟೆ ಕೊಟ್ಟು, ಮಿಕ್ಕಿದ್ದು ನೀನೇ ಇಟ್ಕೊ ಎಂದರೂ ಎರಡೆರಡು ಸಲ ಕೇಳಿಯೇ ಇಟ್ಟುಕೊಳ್ಳುವ ಹೆಂಗಸು ಅವಳು.

"ಇದು ತೊಟ್ಟಿ ನೀರಲ್ಲ. ನಿಮ್ಮ ಮನೆಗಳಲ್ಲಿ ಚೆಲ್ಲೋ ನೀರು. ನೀವೇ ಇಟ್ಟಿದ್ದು, ನಾನು ಹೊತ್ತಿದ್ದು. ಹೇಳ್ರಮ್ಮ ಯಾರಾದ್ರೂ."

ಒಬ್ಬಾಕೆ ಮಗುವಿನ ಮೂಗು ಒರೆಸಿದಳು. ಸೆಕ್ರೆಟರಿಯ ಹೆಂಡತಿ, ದಿನಾ ಗಂಡ ವಾಕಿಂಗ್ ಹೋದ ಮೇಲೆ ಬಕೆಟ್ಟು ಹೊರಗಿಡುತ್ತಿದ್ದವಳು, ನನ್ನನ್ನು ಎಳೀಬೇಡ ಎನ್ನುವಂತೆ ನೋಡಿದಳು. ಟೈಲರಕ್ಕ ಎಳೆಯಲಿಲ್ಲ. ಟೀಚರಮ್ಮನ ಕಡೆ ತಿರುಗಿದಳು. ದಿನವೂ ಒಂದು ಝಿನ್ನಿಯಾ ಕಿತ್ತುಕೊಂಡು ಹೋಗಿ ಶಾಲೆಯ ಮೇಜಿನ ಮೇಲಿಡುವ ಟೀಚರಮ್ಮ ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದಳು.

ಭಾನುವಾರದೊಳಗೆ ಕುಂಡಗಳನ್ನು ತೆಗೆಯಬೇಕು, ಸೋಮವಾರ ಆ ಮಣ್ಣಿಗೆ ಸಿಮೆಂಟು ಎಂದು ತೀರ್ಮಾನವಾಯಿತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಅಂದಳು ಅತ್ತೆ, ಒಳಗೆ ಬಂದ ಮೇಲೆ.

"ಆ ಮನುಷ್ಯ ಅಂದಿದ್ದಕ್ಕೆ ಬೇಜಾರಿಲ್ಲ ಅತ್ತೆ. ಅವನಿಗೆ ಗೊತ್ತಿಲ್ಲ. ಗೊತ್ತಿದ್ದೋರು ಬಾಯಿಗೆ ಬೀಗ ಹಾಕ್ಕೊಂಡ್ರಲ್ಲ."

ಮರುದಿನ ಅವಳು ಮೆಟ್ಟಿಲು ಹತ್ತಲಿಲ್ಲ. ಬಕೆಟ್ಟುಗಳು ತುಂಬಿಕೊಂಡು ಅಲ್ಲಲ್ಲೇ ಕಾದವು, ಮಧ್ಯಾಹ್ನ ನೀರೆಲ್ಲ ಮೋರಿ ಸೇರಿತು. ಅವಳ ಸ್ವಂತ ಅಡುಗೆಮನೆಯ ನೀರು ಸೂರ್ಯಕಾಂತಿಗೇ ಸಾಲಲಿಲ್ಲ. ಝಿನ್ನಿಯಾ ಕತ್ತು ಬಗ್ಗಿಸಿತು. ಎಲೆಗಳು ಇಸ್ತ್ರಿ ಕಾಣದ ಬಟ್ಟೆಯಂತೆ ಮುದುರಿದವು.

"ಸಿಟ್ಟು ನಿಂದು, ಬಾಯಾರಿಕೆ ಅವುಗಳದ್ದು," ಅಂದಳು ಅತ್ತೆ. "ಒಂದಕ್ಕೊಂದು ಯಾಕೆ ಗಂಟು ಹಾಕ್ತೀಯ?"

"ಆ ಬಕೆಟ್ ಈಗ ಮುಟ್ಟಿದ್ರೆ ಕಳ್ಳಿ ಅಂತ ನಾನೇ ಒಪ್ಕೊಂಡ ಹಾಗೆ. ಗಿಡ ಹೋದ್ರೆ ಇನ್ನೊಂದು ಬೀಜ ಹಾಕಬಹುದು. ಹೆಸರಿಗೆ ಎಲ್ಲಿಂದ ಬೀಜ ತರ್ಲಿ?"

ಅಷ್ಟು ಹೇಳಿದಳೇ ಹೊರತು, ಯಂತ್ರ ತುಳಿಯುತ್ತ ತುಳಿಯುತ್ತ ಕಣ್ಣು ಕಿಟಕಿಗೇ ಹೋಗುತ್ತಿತ್ತು. ಒಂದು ಕಾಲರ್ ತಿರುವುಮುರುವಾಗಿ ಹೊಲಿದು ಬಿಚ್ಚಿದಳು.

ಶನಿವಾರ ಮಧ್ಯಾಹ್ನ ಹಿತ್ತಲ ಬಾಗಿಲು ಸದ್ದಾಯಿತು. ಟೀಚರಮ್ಮ, ಕೈಯಲ್ಲಿ ತಟ್ಟೆ ಮುಚ್ಚಿದ ಬಕೆಟ್ಟು.

"ಅಕ್ಕ, ಬೇಗ ತಗೋ. ಯಾರೂ ನೋಡಿಲ್ಲ."

"ಒಳಗೆ ಬನ್ನಿ ಟೀಚರಮ್ಮ, ಕೂತ್ಕೊಳ್ಳಿ."

ಟೀಚರಮ್ಮನ ಮುಖ ಚಿಕ್ಕದಾಯಿತು. "ಬೈಯಿ ಬೇಕಾದ್ರೆ. ಬನ್ನಿ ಹೋಗಿ ಅನ್ಬೇಡ. ಬಾಲ್ಕನಿಗೆ ಗ್ರಿಲ್ ಹಾಕಿಸೋಕೆ ಅವನ ಒಪ್ಪಿಗೆ ಬೇಕಿತ್ತು ಕಣಕ್ಕ. ಆವಾಗ್ಲೇ ಎದುರು ಮಾತಾಡಿದ್ರೆ..."

"ಸರಿ ಬಿಡಿ. ನಿಮ್ಮ ಬಾಲ್ಕನಿಗೆ ಗ್ರಿಲ್ಲಾಯ್ತು, ನನಗೆ ಕಳ್ಳಿ ಅನ್ನೋ ಪಟ್ಟ ಆಯ್ತು."

"ಗಿಡ ಸಾಯ್ತಿವೆ ಅಕ್ಕ. ನನ್ನ ಮೇಲಿನ ಕೋಪಕ್ಕೆ ಅವನ್ನ ಕೊಲ್ಬೇಡ."

"ಹಾಗಾದ್ರೆ ನೀವೇ ಹಾಕಿ. ನಾನು ಹಾಕಿದ್ರೆ ಅದು ಕದ್ದ ನೀರು, ನೀವು ಹಾಕಿದ್ರೆ ನಿಮ್ಮ ನೀರು. ಆದ್ರೆ ಹಿತ್ತಲಿಂದ ಬೇಡ. ತಟ್ಟೆ ತೆಗೀರಿ. ಸುತ್ತಿ ಹೋಗಿ ಮುಂದಿನ ಗೇಟಿಂದ ಬನ್ನಿ."

"ಅಲ್ಲಿ ಅವನು ಕುರ್ಚಿ ಹಾಕ್ಕೊಂಡು ಕೂತಿದಾನೆ."

"ಗೊತ್ತು."

ಟೀಚರಮ್ಮ ಬಕೆಟ್ಟನ್ನೂ ಅವಳ ಮುಖವನ್ನೂ ನೋಡಿದಳು. ತಟ್ಟೆ ತೆಗೆದು ಮೆಟ್ಟಿಲ ಮೇಲಿಟ್ಟು, ಬಕೆಟ್ಟು ಎತ್ತಿಕೊಂಡು ಹೋದಳು. ಬರುತ್ತಾಳೋ, ಹಾಗೇ ಮನೆಗೆ ಹತ್ತಿ ಹೋಗುತ್ತಾಳೋ ಎಂದು ಟೈಲರಕ್ಕನಿಗೂ ತಿಳಿಯದು. ಮುಂಬಾಗಿಲಿಗೆ ಬಂದು ನಿಂತಳು.

ಟೀಚರಮ್ಮ ಬಂದಳು, ಸ್ವಲ್ಪ ವಾಲಿಕೊಂಡು, ನೀರು ತುಳುಕಿಸಿಕೊಂಡು.

"ಏನದು ಟೀಚರಮ್ಮ, ನೀರಾ?" ಸೆಕ್ರೆಟರಿ ಪತ್ರಿಕೆ ಇಳಿಸಿದ.

ಅವಳು ನಿಂತಳು. ಬಕೆಟ್ಟನ್ನು ಇನ್ನೊಂದು ಕೈಗೆ ಬದಲಿಸಿದಳು. ಟೈಲರಕ್ಕ ನೆರವಿಗೆ ಹೋಗಲಿಲ್ಲ.

"ಬೇಳೆ ತೊಳೆದ ನೀರು ಸಾರ್. ನಮ್ಮನೇದು. ಮೊದಲಿಂದಲೂ ನಾನೇ ಕೊಡ್ತಿದ್ದೆ. ಅಕ್ಕ ಒಂದು ಲೋಟ ತೊಟ್ಟಿ ನೀರೂ ಮುಟ್ಟಿಲ್ಲ."

"ಮತ್ತೆ ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ?"

"ನಿಮ್ಮ ಭಯಕ್ಕೆ. ಎಲ್ರೂ ಕೊಡ್ತಿದ್ರು, ಎಲ್ರಿಗೂ ಭಯ."

"ಎಲ್ರೂ ಅಂದ್ರೆ?"

"ನಿಮ್ಮನೆಯವರನ್ನೇ ಕೇಳಿ ಸಾರ್."

ಅವನು ಕತ್ತೆತ್ತಿದ. ಮೊದಲ ಮಹಡಿಯ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು. ಪರದೆ ಎಳೆದುಕೊಳ್ಳಲು ಕೈ ಹಾಕಿದವಳು, ಏನನ್ನಿಸಿತೋ, ಬಿಟ್ಟಳು. "ಹೌದು ರೀ," ಅಂದಳು.

ಟೀಚರಮ್ಮ ಬಗ್ಗಿ ಝಿನ್ನಿಯಾದ ಬುಡಕ್ಕೆ ನೀರು ಹೊಯ್ದಳು. ಮಣ್ಣು ಗುಟುಕರಿಸಿತು.

ಸೆಕ್ರೆಟರಿ ಕುರ್ಚಿ ಮಡಚಿ ಟೈಲರಕ್ಕನ ಬಾಗಿಲ ತನಕ ಬಂದ. ದೊಡ್ಡ ಮನಸ್ಸಿನವನ ಧ್ವನಿ ತೆಗೆದು, "ಹೋಗ್ಲಿ ಬಿಡಮ್ಮ, ಗಿಡ ಇರ್ಲಿ," ಅಂದ.

"ಗಿಡ ಇರ್ಲಿ ಅನ್ನೋಕೆ ನಾನೇನು ಬೇಡ್ಕೊಂಡಿದ್ನಾ? ಕಳ್ಳಿ ಅಂದಿದ್ದು ಎಲ್ರ ಮುಂದೆ. ಅಲ್ಲ ಅನ್ನೋದೂ ಎಲ್ರ ಮುಂದೆ ಆಗ್ಲಿ. ಆಗ್ದಿದ್ರೆ ಸೋಮವಾರ ಸಿಮೆಂಟೇ ಹಾಕ್ಸಿ. ಮೇಲೆ ನಿಂತು ನಾನೇ ಮಟ್ಟ ಮಾಡಿಸ್ತೀನಿ."

ಭಾನುವಾರ ಸಂಜೆ ಮತ್ತೆ ಎಲ್ಲರೂ ಸೇರಿದರು. ಅಷ್ಟರಲ್ಲಿ ಹತ್ತು ಗಂಟೆ ಹೂವಿನ ಡಬ್ಬಿಗಳು ಚೇತರಿಸಿಕೊಂಡಿದ್ದವು. ಝಿನ್ನಿಯಾ ಅರ್ಧಕ್ಕರ್ಧ ಹೋಗಿತ್ತು. ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು, ಗಾಡಿಗಳ ಚಕ್ರ ನೋಡುತ್ತ, ಅಂದು ತಾನು ಆಡಿದ ಮಾತು ತಪ್ಪು, ಅವರು ನೀರು ಕದ್ದಿಲ್ಲ ಎಂದು ಗೊಣಗಿದ.

ಟೈಲರಕ್ಕ ಜಾಗ ಬಿಟ್ಟು ಕದಲಲಿಲ್ಲ.

"ನಮ್ಮತ್ತೆ ಒಳಗಿದಾರೆ," ಅಂದಳು, "ಅವರಿಗೆ ಕಿವಿ ಸ್ವಲ್ಪ ಮಂದ. ಇನ್ನೊಂದು ಸಲ ಹೇಳಿಬಿಡಿ."

ಅತ್ತೆಯ ಕಿವಿ ಪಕ್ಕದ ಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸಿಕೊಳ್ಳುವಂಥದ್ದು. ಕಿಟಕಿಯ ಹಿಂದಿನಿಂದ ಅವಳೂ ಕೂಗಿ ಹೇಳಿದಳು, "ಏನಂದ್ರಪ್ಪಾ? ಒಂದೂ ಕೇಳಿಸ್ಲಿಲ್ಲ."

ಸೆಕ್ರೆಟರಿ ಈ ಸಲ ಕತ್ತೆತ್ತಿ, ಬೀದಿಗೆ ಕೇಳಿಸುವಂತೆ ಹೇಳಿದ.