ಸಮುದ್ರಕ್ಕಿಳಿದ ಲಾರಿ ಟ್ಯೂಬು

ನಾನು ಒಂದು ಲಾರಿ ಟ್ಯೂಬು. ಟೈರಲ್ಲ, ಟ್ಯೂಬು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ದುಡಿಮೆಯ ಕೀರ್ತಿಯನ್ನೆಲ್ಲ ಟೈರೇ ಹೊಡೆದುಕೊಂಡಿದೆ. ಒಳ್ಳೆಯ ಟೈರು ಹಾಕಿಸಿದ್ದೀರಿ ಎಂದು ಜನ ಹೊಗಳುತ್ತಾರೆ. ಒಳ್ಳೆಯ ಟ್ಯೂಬು ಎಂದು ಯಾರಾದರೂ ಅಂದದ್ದನ್ನು ನಾನಂತೂ ಕೇಳಿಲ್ಲ. ಹೆಸರು ಅದರದು, ಉಸಿರು ನನ್ನದು. ನಾನು ಉಸಿರು ಬಿಟ್ಟ ದಿನ ಆ ದೊಡ್ಡಸ್ತಿಕೆಯ ಟೈರು ರಸ್ತೆಯ ಪಕ್ಕ ಚಪ್ಪಟೆಯಾಗಿ ಕೂತದ್ದು ಎಷ್ಟು ಸಲವೋ.

ಯಾವುದೋ ಕಾರ್ಖಾನೆಯ ಬಿಸಿ ಅಚ್ಚಿನೊಳಗೆ ನಾನು ಹುಟ್ಟಿದೆ. ಮೈಗೆಲ್ಲ ಬಿಳಿ ಪುಡಿ ಬಳಿದು, ಮಡಚಿ, ಡಬ್ಬಿಗೆ ತುರುಕಿದರು. ಡಬ್ಬಿಯ ಕತ್ತಲೆಯಿಂದ ಹೊರಬಂದೆ ಎನ್ನುವಷ್ಟರಲ್ಲಿ ಟೈರಿನ ಕತ್ತಲೆಗೆ ಸೇರಿಸಿದರು. ಆ ಲಾರಿಯ ಡ್ರೈವರು ಹಾವೇರಿ ಕಡೆಯ ಫಕ್ಕೀರಪ್ಪ. ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗಿಬರುವುದು ಅವನ ಕೆಲಸ, ಅವನನ್ನೂ ಮೆಣಸಿನಕಾಯಿಯನ್ನೂ ಹೊರುವುದು ನನ್ನ ಕೆಲಸ. ನಾನು ಎಷ್ಟು ಊರು ಸುತ್ತಿದರೂ ಒಂದು ಊರನ್ನೂ ನೋಡಲಿಲ್ಲ. ಸಮುದ್ರದ ಪಕ್ಕದಲ್ಲೇ ಎಷ್ಟೋ ಸಲ ನಿಂತಿದ್ದೆನಂತೆ. ನನಗೆ ಅದರ ಸದ್ದು ಮಾತ್ರ ಗೊತ್ತು.

ಘಟ್ಟದ ಮೊಳೆಗಳು, ಗಾಜಿನ ಚೂರುಗಳು ನನ್ನನ್ನು ಸುಮ್ಮನೆ ಬಿಡಲಿಲ್ಲ. ಕೊನೆಗೊಮ್ಮೆ ಪಂಕ್ಚರ್ ಅಂಗಡಿಯ ಬಾಷಾಸಾಬ ನನ್ನನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದನ್ನು ನೋಡಿ ತಲೆಯಾಡಿಸಿದ.

"ಇನ್ನ ಇದು ಲಾರಿಗೆ ತಡಿಯಂಗಿಲ್ಲ ಫಕ್ಕೀರಪ್ಪಣ್ಣ. ಕತ್ತರಿಸಿ ಸೈಕಲ್ ಕ್ಯಾರಿಯರಿಗೆ ಬೆಲ್ಟ್ ಮಾಡಿಕೊಡ್ಲೇನು?"

"ಬ್ಯಾಡೋ ಮಾರಾಯಾ. ನಮ್ಮ ಶಂಕ್ರಿ ಈಸು ಕಲೀತೀನಂತ ಹಟಾ ಹಿಡದಾಳ. ಒಂದು ಪ್ಯಾಚ್ ಹಾಕಿಕೊಡು, ಮನೀಗೆ ಒಯ್ತೀನಿ."

ಬಾಷಾಸಾಬ ಉಜ್ಜಿ, ಸೊಲ್ಯೂಷನ್ ಹಚ್ಚಿ, ಕೆಂಪು ರಬ್ಬರಿನ ಅಂಗೈಯಗಲದ ಪ್ಯಾಚು ಬಡಿದ. "ಇದು ಹರದ್ರ ನನ್ನ ಹೆಸರ ಕೇಳು" ಎಂದ. ಅವತ್ತೇ ನಾನು ಮೊದಲ ಸಲ ಕಣ್ತುಂಬ ಬಿಸಿಲು ಕಂಡದ್ದು. ಲಾರಿ ನನ್ನನ್ನು ತಳ್ಳಿತು ಎಂದು ಅಳಬೇಕಿತ್ತೇನೋ. ನಾನು ಅಳಲಿಲ್ಲ, ಪೀಡೆ ತೊಲಗಿತು ಅಂದುಕೊಂಡೆ.

ಶಂಕ್ರಿ ಎಂದರೆ ಶಂಕ್ರವ್ವ, ಫಕ್ಕೀರಪ್ಪನ ಒಬ್ಬಳೇ ಮಗಳು. ಊರ ಹೊರಗಿನ ಮೆಟ್ಟಿಲಬಾವಿಯಲ್ಲಿ ಗಂಡುಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ಹುಡುಗಿಯರು ಬಟ್ಟೆ ಒಗೆದು ಎದ್ದು ಹೋಗಬೇಕು, ಅಷ್ಟೇ. ಇವಳು ಲಂಗಕ್ಕೆ ಕಚ್ಚೆ ಹಾಕಿ, ನನ್ನ ನಡುವೆ ತೂರಿಕೊಂಡು ಬಾವಿಗೆ ಹಾರಿದಳು. ಹುಡುಗರು ಹೋ ಎಂದು ನಕ್ಕರು. ಫಕ್ಕೀರಪ್ಪ ಮೆಟ್ಟಿಲ ಮೇಲೆ ಬೀಡಿ ಸೇದುತ್ತ ಕೂತು, "ನಗ್ರಿ ನಗ್ರಿ, ನಾಳೆ ನಿಮ್ಮನ್ನ ಇಕೀನ ಎತ್ತತಾಳ" ಎಂದ.

ಕಾಲು ಬಡಿಯುವುದನ್ನು ಕಲಿತಳು. ಉಸಿರು ಹಿಡಿಯುವುದನ್ನು ಕಲಿತಳು. ಒಂದು ದಿನ ನಡುಬಾವಿಯಲ್ಲಿ ನನ್ನನ್ನು ಬಿಟ್ಟು ಆಚೆ ದಂಡೆಗೆ ಹೊರಟೇಬಿಟ್ಟಳು. ಒಬ್ಬಂಟಿಯಾಗಿ ತೇಲುತ್ತ ನಾನು ಅವಳ ಜಡೆಯನ್ನೇ ನೋಡುತ್ತಿದ್ದೆ. ನಿಮಗೆ ಗೊತ್ತಿರಲಿ, ಈಜಿಸುವ ಟ್ಯೂಬಿಗೆ ಅದಕ್ಕಿಂತ ದೊಡ್ಡ ಸನ್ಮಾನ ಇಲ್ಲ. ನಮ್ಮನ್ನು ಹಿಡಿಯುವುದು ಒಂದು ದಿನ ಬಿಡುವುದಕ್ಕೇ.

ಅವತ್ತು ಸಂಜೆ ಫಕ್ಕೀರಪ್ಪ ಮಗಳಿಗೆ ಹೇಳಿದ: "ಈ ಬಾವೀಗೆ ನಾಕೂ ಕಡೆ ದಂಡಿ ಐತಿ ಶಂಕ್ರಿ. ಸಮುದ್ರಕ್ಕ ಈಚಿ ದಂಡಿ ಒಂದ ಐತಿ, ಆಚಿದು ಇಲ್ಲ. ಒಮ್ಮೆ ಲಾರ್‍ಯಾಗ ಕರಕೊಂಡು ಹೋಗ್ತೀನಿ, ಅಲ್ಲಿ ಈಸುವಂತಿ."

ಕರೆದುಕೊಂಡು ಹೋಗಲಿಲ್ಲ. ಈ ಸುಗ್ಗಿ, ಮುಂದಿನ ಸುಗ್ಗಿ ಎನ್ನುತ್ತಲೇ ಮದುವೆ ಬಂತು. ಮದುವೆಯಾದ ಮೇಲೆ ಫಕ್ಕೀರಪ್ಪನೂ ಹೋಗಿಬಿಟ್ಟ.

ಶಂಕ್ರವ್ವ ಹುಬ್ಬಳ್ಳಿಯ ಸೊಸೆಯಾದಳು. ಗಂಡ ಈರಬಸಪ್ಪನದು ಬಟ್ಟೆ ಅಂಗಡಿ. ಅವನು ಕೆಟ್ಟವನಲ್ಲ. ಆದರೆ ಮಂದಿ ಏನಂದಾರು ಎಂಬುದೊಂದೇ ಅವನ ಪಂಚಾಂಗ. ತವರಿನ ಟ್ರಂಕಿನ ತಳದಲ್ಲಿ ಕೌದಿಯ ಕೆಳಗೆ ನನ್ನನ್ನು ಕಂಡು ಅತ್ತೆ "ಇದೇನ ಹಳೇ ರಬ್ಬರ್ ಹೊತಕೊಂಡು ಬಂದಿ?" ಎಂದಳು. "ಹಾಸಿಗಿ ಕಟ್ಟಾಕ್ರಿ" ಎಂದಳು ಸೊಸೆ. ಅಲ್ಲಿಗೆ ಮಾತು ಮುಗಿಯಿತು. ಆ ಮನೆಯಲ್ಲಿ ಸೊಸೆಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದರು, ಶ್ಯಾವಿಗೆ ಹೊಸೆಯಲು ಬರುತ್ತದೆಯೇ ಎಂದು ಕೇಳಿದರು. ಈಜಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಆದರೆ ಪ್ರತಿ ಯುಗಾದಿಗೆ ಟ್ರಂಕು ತೆಗೆದಾಗ ಅವಳು ನನ್ನನ್ನು ಬಿಡಿಸಿ, ಮಗುವಿಗೆ ಹಚ್ಚುವ ಪೌಡರನ್ನೇ ನನ್ನ ಮೈಗೂ ಸವರಿ ಮತ್ತೆ ಮಡಚುತ್ತಿದ್ದಳು. ಪುಡಿ ಹಚ್ಚದಿದ್ದರೆ ರಬ್ಬರು ಮಡಿಕೆಯಲ್ಲಿ ಅಂಟಿಕೊಂಡು ಸಾಯುತ್ತದೆ. ಇದನ್ನು ಬಾಷಾಸಾಬನಿಂದ ಕಲಿತಿದ್ದಳು. ಮಗ ವಿರೂಪಾಕ್ಷ ಬೆಳೆದ, ಮೊಮ್ಮಗಳು ಸಿಂಚನಾ ಹುಟ್ಟಿದಳು. ಮನೆಯ ಪೌಡರು ಬದಲಾಯಿತು. ನಾನು ಸಾಯಲಿಲ್ಲ.

ಹೀಗಿರುವಾಗ ವಿರೂಪಾಕ್ಷ ಹೊನ್ನಾವರದ ಹತ್ತಿರ ಸಮುದ್ರದ ದಂಡೆಯ ಒಂದು ರೆಸಾರ್ಟಿಗೆ ಮನೆಮಂದಿಯನ್ನೆಲ್ಲ ಹೊರಡಿಸಿದ. ಮೊದಲೇ ದುಡ್ಡಿನ ಇಡಿಗಂಟು ಕಟ್ಟಿಬಿಟ್ಟರೆ ಮುಗಿಯಿತು, ಉಣ್ಣುವುದು, ಕುಡಿಯುವುದು, ಆಡುವುದು, ಮಲಗುವುದು ಎಲ್ಲ ಅದರಲ್ಲೇ ಬಂತು. ಕೈಗೊಂದು ಹಸಿರು ಪಟ್ಟಿ ಕಟ್ಟುತ್ತಾರೆ, ಅದನ್ನು ತೋರಿಸಿದಲ್ಲೆಲ್ಲ ತಟ್ಟೆ ಬರುತ್ತದೆ. ಇದನ್ನು ಕೇಳಿದ ಈರಬಸಪ್ಪ ಮುನ್ನಾದಿನ ಮನೆಯಲ್ಲಿ ಒಲೆ ಹಚ್ಚಬೇಡಿರೆಂದ. "ಹೊಟ್ಟಿ ಖಾಲಿ ಇಟಕೊಂಡು ಹೋಗ್ರಿ. ಅಲ್ಲೆ ಎಲ್ಲಾ ಐತಿ." ಸೋಮವಾರವೂ ಉಪವಾಸ ಮಾಡದ ಮನುಷ್ಯ ರೆಸಾರ್ಟಿಗಾಗಿ ನಿರಾಹಾರ ಮಾಡಿದ. ಶಂಕ್ರವ್ವ ಟ್ರಂಕು ತೆಗೆದು ನನ್ನನ್ನು ತನ್ನ ಚೀಲದಲ್ಲಿಟ್ಟಳು. ಅಪ್ಪ ಕೊಟ್ಟು ನಡೆಸದೆ ಹೋದ ಮಾತನ್ನು ಅವಳೇ ನಡೆಸಲು ಹೊರಟಿದ್ದಳು.

ಆದರೆ ಅಲ್ಲಿ ಹೋದಮೇಲೆ ನಡೆದದ್ದೇನು? ತಿನ್ನುವುದು. ಬೆಳಿಗ್ಗೆ ಇಡ್ಲಿ, ಬನ್ಸು, ಆಮ್ಲೆಟ್ಟು; ಅದು ಇಳಿಯುವ ಮೊದಲೇ ಜ್ಯೂಸು; ಅದರ ಬೆನ್ನಿಗೇ ಊಟ. ಬಿಟ್ಟರೆ ಕೊಟ್ಟದ್ದು ವ್ಯರ್ಥ ಎಂದು ಈರಬಸಪ್ಪ ಒಂದು ಪಂಕ್ತಿ ಎದ್ದು ಇನ್ನೊಂದು ಪಂಕ್ತಿಗೆ ಕೂರುತ್ತಿದ್ದ, ವಡೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಕೋಣೆಗೂ ತರುತ್ತಿದ್ದ. ನೂರು ಹೆಜ್ಜೆ ಆಚೆ ಸಮುದ್ರ ಕೂಗುತ್ತಿತ್ತು. ಇವರಿಗೆ ಏಳಲು ಆಗುತ್ತಿರಲಿಲ್ಲ.

ಮಧ್ಯಾಹ್ನ ಶಂಕ್ರವ್ವ ನನ್ನನ್ನು ಹೆಗಲಿಗೆ ಹಾಕಿಕೊಂಡು ಈಜುಕೊಳದ ಹತ್ತಿರ ಬಂದಳು. ಮೊದಲು ಸ್ವಲ್ಪ ಕೈಕಾಲು ಪಳಗಿಸಿಕೊಳ್ಳೋಣ ಎಂದಿರಬೇಕು. ಕೊಳದ ಕಾವಲಿನ ಗಜಾನನ ಓಡಿಬಂದ.

"ಅಮ್ಮಾ, ಸೀರೆ ಉಟ್ಕಂಡು ಪೂಲಿಗೆ ಇಳಿಯೂಕೆ ಆಗೂದಿಲ್ಲ. ನೈಲಾನ್ ಡ್ರೆಸ್ಸೇ ಬೇಕು. ಈ ಟ್ಯೂಬೂ ಆಗೂದಿಲ್ಲ, ಕಪ್ಪು ಬಿಡ್ತದೆ. ನಮ್ಮದೇ ಉಂಟಲ್ಲ, ಬಾತುಕೋಳಿ, ಡೋನಟ್ಟು..."

ಕೊಳದಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಾತುಕೋಳಿಗಳು ನನ್ನನ್ನು ನೋಡಿ ಮೂತಿ ತಿರುಗಿಸಿದವು. ತುಂಬಿದ ಲಾರಿ ಹೊತ್ತು ಘಟ್ಟ ಇಳಿದ ನಾನು! ಅವಕ್ಕೆ ಒಂದು ಗುಂಡುಪಿನ್ನು ಸಾಕು. ಅಷ್ಟರಲ್ಲಿ ವಿರೂಪಾಕ್ಷ ತಾಯಿಯ ಕೈ ಹಿಡಿದು ಪಕ್ಕಕ್ಕೆ ಎಳೆದ. "ಅವ್ವಾ, ಮಂದಿ ನೋಡಾಕತ್ತಾರ. ಒಳಗಿಡು ಅದನ್ನ."

"ಅಜ್ಜಿ, ನಿನಗ ಈಜಾಕ ಬರ್ತೈತಿ?" ಎಂದಳು ಸಿಂಚನಾ. ನೀರು ಕಂಡರೆ ಹೆದರುವ ಹುಡುಗಿ ಅದು, ಕೊಳದ ಮೆಟ್ಟಿಲನ್ನೂ ಇಳಿದಿರಲಿಲ್ಲ.

ಅಜ್ಜಿಗಿಂತ ಮೊದಲು ಅಜ್ಜ ನಕ್ಕ. "ಆಕಿಗೆಲ್ಲಿ ಬರ್ತೈತಿ? ಅದು ಹಾಸಿಗಿ ಕಟ್ಟೂ ರಬ್ಬರ್ ಅವ್ವಿ."

ಆ ಸಂಜೆಯೆಲ್ಲ ಶಂಕ್ರವ್ವ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಒರಗು ಕುರ್ಚಿಯಲ್ಲಿ ಕೂತಿದ್ದಳು. ಅವಳ ಹೆಬ್ಬೆರಳು ಬಾಷಾಸಾಬನ ಪ್ಯಾಚಿನ ಮೇಲೆ ಆಡುತ್ತಲೇ ಇತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಹೆಂಡತಿಯ ಬಗ್ಗೆ ಗೊತ್ತಿರುವುದು ಇಷ್ಟೇ ಏನು?

ಮರುದಿನ ಬೆಳಿಗ್ಗೆ ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಅವಳು ಸಿಂಚನಾಳನ್ನು ಕರೆದುಕೊಂಡು ಕಾರಿನತ್ತ ಹೋದಳು. ಡಿಕ್ಕಿಯಿಂದ ಕಾಲಿನಲ್ಲಿ ಒತ್ತುವ ಪಂಪು ತೆಗೆದು ಇಬ್ಬರೂ ಸರದಿಯ ಮೇಲೆ ಒತ್ತಿದರು. ಎಷ್ಟು ವರ್ಷದ ಮೇಲೆ ನನ್ನೊಳಗೆ ಉಸಿರು! ಮಡಿಕೆಗಳು ಒಂದೊಂದಾಗಿ ಬಿಟ್ಟುಕೊಂಡವು. ಸಾಕು ಎನ್ನುವವರೆಗೂ ಉಬ್ಬಿದೆ.

ರೆಸಾರ್ಟಿನ ಹಿಂದಿನ ಗೇಟು ದಾಟುವಾಗ ಗಜಾನನ ಮತ್ತೆ ಎದುರಾದ. "ಅಮ್ಮಾ, ಹೊರಗಿನ ಟ್ಯೂಬು ಸಮುದ್ರಕ್ಕೂ..."

"ತಮ್ಮಾ," ಎಂದಳು ಶಂಕ್ರವ್ವ, "ಕೈಯಾಗಿನ ಪಟ್ಟಿ ನಿಮ್ಮದು. ತಾಟು ನಿಮ್ಮದು. ಸಮುದ್ರನೂ ನಿಮ್ಮದೇನು?"

ಅವನು ಗೇಟು ಬಿಟ್ಟು ಪಕ್ಕಕ್ಕೆ ಸರಿದ.

ದಂಡೆಯ ಒಂದು ಬದಿಯಲ್ಲಿ ಬಂಡೆಗಳ ಮರೆಗೆ ಶಾಂತವಾದ ನೀರಿತ್ತು. ಅಲ್ಲಿ ಊರಿನ ಹೆಂಗಸರು ಸೊಂಟದ ಮಟ್ಟ ಇಳಿದು ಕಲ್ಲಿನಿಂದ ಚಿಪ್ಪು ಕೀಳುತ್ತಿದ್ದರು. ಎಲ್ಲರೂ ಸೀರೆಯವರೇ, ಎಲ್ಲರದೂ ಕಚ್ಚೆಯೇ. ಶಂಕ್ರವ್ವನ ಮುಖ ಅರಳಿತು. ಇಳಕಲ್ ಸೀರೆಯ ನೆರಿಗೆ ಎಳೆದು ಹಿಂದಕ್ಕೆ ಬಿಗಿಯಾಗಿ ಸಿಕ್ಕಿಸಿದಳು. ಅವರಲ್ಲಿ ಹಿರಿಯಳಾದ ಮಾದೇವಿ ನನ್ನನ್ನೂ ಅವಳನ್ನೂ ನೋಡಿ, "ಈಗ ಇಳಿತ, ಹೆದರಿಕೆ ಇಲ್ಲ. ದಂಡೆಗುಂಟ ಈಜಿ, ಆಚೆ ಬದಿ ಹೋಗ್ಬೇಡಿ" ಎಂದಳು. ಗೇಟಿನತ್ತ ತಿರುಗಿ ಕೂಗಿದಳು: "ಏ ಗಜಾ! ಹಂಗೆಂತಕ್ಕೆ ನೋಡ್ತೆ? ನೀ ಈಜು ಕಲ್ತದ್ದು ಇದೇ ನೀರಲ್ಲಿ ಅಲ್ಲನಾ?" ಗಜಾನನ ತಲೆ ಕೆರೆದುಕೊಂಡ. ಆಮೇಲೆ ಮನೆಯವರಿಗೆ ತಿಳಿಸೋಣವೆಂದು ಊಟದ ಮನೆಯ ಕಡೆ ಓಡಿದ.

ಸಿಂಚನಾಳನ್ನು ದಂಡೆಯಲ್ಲೇ ನಿಲ್ಲಿಸಿ ನಾವಿಬ್ಬರೂ ಇಳಿದೆವು. ಉಪ್ಪು ನನ್ನ ಹಳೆಯ ಗಾಯಗಳಿಗೆಲ್ಲ ಹೊಕ್ಕಿತು. ಮೊದಲ ತೆರೆ ಕೆನ್ನೆಗೆ ಬಾರಿಸಿದಂತೆ ಬಂತು. ಶಂಕ್ರವ್ವ ನನ್ನ ನಡುವಿನಲ್ಲಿ ಕಾಲು ಬಡಿದಳು, ಮೊದಲು ಅಳುಕಿ, ಆಮೇಲೆ ಬಾವಿಯ ಶಂಕ್ರಿಯಂತೆ. ಸದ್ದು ಮಾತ್ರ ಕೇಳಿದ್ದ ಸಮುದ್ರ ಈಗ ನನ್ನ ಸುತ್ತಲೂ ಇತ್ತು. ಫಕ್ಕೀರಪ್ಪ ಹೇಳಿದ್ದು ನಿಜ, ಆಚೆ ದಂಡೆ ಇರಲಿಲ್ಲ.

ಆಗಲೇ ಬಾಷಾಸಾಬನ ಪ್ಯಾಚಿನ ಅಂಚು ಎದ್ದಿತು. ಗುಳುಗುಳು ಎಂದು ಗುಳ್ಳೆ ಬಂದವು. ಇಷ್ಟು ವರ್ಷ ಕಾದು ಈಗ ಕೈಕೊಡುವುದೇ? ನಾನು ಜೀವ ಬಿಗಿಹಿಡಿದೆ. ದಂಡೆ ಸಿಗುವವರೆಗೆ ಉಸಿರು ಬಿಡಲಾರೆ, ಏನಾದರೂ ಆಗಲಿ! ಶಂಕ್ರವ್ವ ಗುಳ್ಳೆ ನೋಡಿದಳು. ಹೆದರಲಿಲ್ಲ. ನನ್ನನ್ನು ಮೆಲ್ಲಗೆ ತಟ್ಟಿ, "ಸಾಕು, ನೀ ದಣದಿ" ಎಂದಳು. ತಲೆಯ ಮೇಲಿಂದ ನನ್ನನ್ನು ತೆಗೆದು ಸಿಂಚನಾ ನಿಂತಿದ್ದ ಕಡೆಗೆ ತಳ್ಳಿ, ತಾನು ದಂಡೆಗುಂಟ ಕೈಬೀಸುತ್ತ ಹೊರಟಳು. ಎರಡನೆಯ ಸಲ ಅವಳು ನನ್ನನ್ನು ಬಿಟ್ಟಳು. ಜಡೆ ಬೆಳ್ಳಗಾಗಿತ್ತು, ಅಷ್ಟೇ ವ್ಯತ್ಯಾಸ.

ಅಷ್ಟರಲ್ಲಿ ದಂಡೆಯಲ್ಲಿ ಬೊಬ್ಬೆ. ಈರಬಸಪ್ಪ ಅರ್ಧ ತಿಂದ ದೋಸೆ ಕೈಯಲ್ಲಿ ಹಿಡಿದೇ ಓಡಿಬರುತ್ತಿದ್ದ, ಹಿಂದೆ ಮಗ. "ಹಿಡೀರೋ ಯಾರರೆ! ಮುಳಗ್ತಾಳ! ಏ ಶಂಕ್ರೀ!" ಎನ್ನುತ್ತ ನೀರಿಗೇ ನುಗ್ಗಿದ. ಸಣ್ಣದೊಂದು ತೆರೆ ಅವನ ಕಾಲು ಎಳೆಯಿತು. ದೋಸೆ ಒಂದು ಕಡೆ, ಕನ್ನಡಕ ಒಂದು ಕಡೆ, ಅವನು ಒಂದು ಕಡೆ. "ಮುಳಗಿದೆ, ಮುಳಗಿದೆ!" ಎಂದು ಕೈಕಾಲು ಬಡಿಯತೊಡಗಿದ. ಶಂಕ್ರವ್ವ ಈಜಿಕೊಂಡು ಬಂದು ಅವನ ರಟ್ಟೆಗೆ ಕೈಹಾಕಿದಳು.

"ಏಳ್ರಿ ಮ್ಯಾಲೆ. ಇಲ್ಲೆ ಮೊಣಕಾಲುದ್ದ ನೀರೈತಿ."

ಚಿಪ್ಪಿನ ಹೆಂಗಸರು ನಕ್ಕ ನಗೆಗೆ ಕಾಗೆಗಳು ಹಾರಿಹೋದವು. ಮಂದಿ ನೋಡುತ್ತಿದ್ದರು, ಬೇಕಾದಷ್ಟು ಮಂದಿ. ಈರಬಸಪ್ಪ ಅವರನ್ನು ನೋಡಲಿಲ್ಲ. ಮರಳಿನ ಮೇಲೆ ಕೂತು, ಬಾಯಿಯ ಉಪ್ಪುನೀರು ಉಗುಳಿ, ಹೆಂಡತಿಯನ್ನೇ ನೋಡಿದ.

"ನಿನಗ ಈಸಾಕ ಬರ್ತೈತೇನು?"

"ಬರ್ತೈತ್ರಿ."

"ಇಷ್ಟ್ ವರ್ಷಾತು. ಒಮ್ಮೆನೂ ಹೇಳಿಲ್ಲಲ್ಲ?"

"ನೀವೂ ಒಮ್ಮೆನೂ ಕೇಳಿಲ್ಲಲ್ರಿ."

ಆ ಮುದುಕನ ಕಣ್ಣು ಕೆಂಪಗಾದದ್ದು ಉಪ್ಪಿನಿಂದಲೋ ಮತ್ತೆ ಯಾವುದರಿಂದಲೋ. ವಿರೂಪಾಕ್ಷ ಮೆಲ್ಲಗೆ, "ಅಪ್ಪಾ, ಏಳು, ನಾಷ್ಟಾದ ಹೊತ್ತು ಮುಗಿಯಾಕ ಬಂತು, ಆಮ್ಯಾಲೆ ಬಂದ್ ಮಾಡ್ತಾರ" ಎಂದ. "ನೀವು ಹೋಗ್ರಿ" ಎಂದ ಈರಬಸಪ್ಪ. ಶಂಕ್ರವ್ವ ಮತ್ತೆ ನೀರಿಗಿಳಿದಳು, ಈ ಸಲ ಸಿಂಚನಾಳ ಕೈ ಹಿಡಿದು. ಮೆತ್ತಗಾದ ನಾನು ಹುಡುಗಿಯ ಕಂಕುಳಲ್ಲಿ ಹೇಗೋ ಉಬ್ಬಿಕೊಂಡು ನಿಂತೆ. ಮೊದಲೇ ದುಡ್ಡು ಕಟ್ಟಿದ್ದ ಆ ತಿಂಡಿಯನ್ನು ಬಿಟ್ಟು, ಹೆಂಡತಿಯ ಚಪ್ಪಲಿ ತೊಡೆಯ ಮೇಲೆ ಇಟ್ಟುಕೊಂಡು, ಈರಬಸಪ್ಪ ಬಿಸಿಲಲ್ಲೇ ಕೂತಿದ್ದ.

ಈಗ ನಾನು ಹುಬ್ಬಳ್ಳಿಯ ಮನೆಯ ಅಟ್ಟದ ಕೆಳಗೆ ಗೂಟಕ್ಕೆ ನೇತುಬಿದ್ದಿದ್ದೇನೆ. ಉಪ್ಪಿಗೆ ಮೈ ಬಿರಿದಿದೆ. ಟ್ರಂಕಿಗೆ ಮರಳುವ ಕಾಲ ಮುಗಿಯಿತು, ಹಾಸಿಗೆ ಕಟ್ಟುವ ರಬ್ಬರು ಎಂದು ಇನ್ನು ಯಾರೂ ಸುಳ್ಳು ಹೇಳಬೇಕಿಲ್ಲ. ಗುಜರಿಯವನು ಬಂದಾಗ ವಿರೂಪಾಕ್ಷ ನನ್ನತ್ತ ಕೈ ಮಾಡಿದ್ದ. "ಅದು ಕೊಡೂದಲ್ಲ" ಎಂದು ಒಳಗಿನಿಂದ ಗುಡುಗಿದ್ದು ಶಂಕ್ರವ್ವ ಅಲ್ಲ, ಈರಬಸಪ್ಪ.

ಈ ಯುಗಾದಿಗೆ ಪೌಡರು ಹಚ್ಚಿದವನೂ ಅವನೇ. ಮಡಿಕೆ ಮಡಿಕೆ ಬಿಡಿಸಿ, ಅರ್ಧ ಡಬ್ಬಿ ಸುರಿದು, ಕೆಂಪು ಪ್ಯಾಚಿನ ಪಕ್ಕದಲ್ಲಿ ತಾನೇ ಹಾಕಿಸಿದ್ದ ಹೊಸ ಪ್ಯಾಚನ್ನು ಒತ್ತಿ ನೋಡಿದ. ಆಮೇಲೆ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನನ್ನು ತಲೆಯ ಮೇಲಿಂದ ಹಾಕಿಕೊಂಡ. ಹೊಟ್ಟೆಯ ಹತ್ತಿರ ಸ್ವಲ್ಪ ಬಿಗಿಯಾಯಿತು.

ಹುಬ್ಬಳ್ಳಿಯ ಪಂಕ್ಚರ್ ಅಂಗಡಿಯವನು ಇದರಲ್ಲಿ ಇನ್ನು ಗಾಳಿ ನಿಲ್ಲುವುದಿಲ್ಲ ಎಂದಿದ್ದಾನೆ. ಅವನ ಮಾತು ಅವನಿಗಿರಲಿ. ಈ ಮನುಷ್ಯನೂ ಒಂದು ದಿನ ನನ್ನನ್ನು ಬಿಟ್ಟು ಈಜಬೇಕು, ಅಲ್ಲಿಯವರೆಗೆ ನಾನು ಉಸಿರು ಬಿಡುವುದಿಲ್ಲ.