ಸೋತಾಗ ಹಸಿರು

ಪಿನ್‌ಬಾಲ್ ಯಂತ್ರದ ಗಾಜನ್ನು ಸರಿಸಿ, ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡು, ಮುದುಕಿ ಮೊದಲ ದೀಪವನ್ನು ಚಿಮುಟದಿಂದ ಕಿತ್ತಳು. ಪಕ್ಕದ ಕೋಣೆಯಲ್ಲಿ ಅವಳ ಗಂಡನ ಶವವಿತ್ತು. ನೆಂಟರು ಪಿಸುಗುಟ್ಟುತ್ತ ಕುಳಿತಿದ್ದರು. ಒಯ್ಯುವ ಗಾಡಿ ಬರಲು ಇನ್ನು ಅರ್ಧ ಗಂಟೆ.

"ಅಮ್ಮಾ, ಇವತ್ತು ಈ ಕೆಲಸ ಬೇಕಿತ್ತಾ? ಜನ ಏನಂದ್ಕೋತಾರೆ?" ಎಂದಳು ಬಾಗಿಲಲ್ಲಿ ನಿಂತ ಮಗಳು.

"ಅಂದ್ಕೊಳ್ಳಲಿ. ನಿಮ್ಮಪ್ಪ ಹೊಸ್ತಿಲು ದಾಟೋಕೆ ಮುಂಚೆ ಈ ನಾಲ್ಕು ದೀಪ ಕೆಂಪಾಗ್ಬೇಕು. ಇಲ್ದಿದ್ರೆ ನನ್ನ ಸುಳ್ಳು ನನ್ನ ಗಂಟಲಲ್ಲೇ ಉಳಿಯುತ್ತೆ."

"ನೀನೆಂಥ ಸುಳ್ಳು ಹೇಳಿದೆ?"

ಮಗಳ ಹಿಂದೆ ಬಂದ ದರ್ಜಿ, ಸತ್ತವನ ನಲವತ್ತು ವರ್ಷದ ಗೆಳೆಯ, ಕಣ್ಣೊರೆಸಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿದ.

*

ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ದೇವರು ಕೈಯನ್ನು ಬಂಗಾರದಂತೆ ಕೊಟ್ಟು, ಕಣ್ಣಿಗೆ ಬರುವಾಗ ಕೊಂಚ ಅವಸರ ಮಾಡಿದ್ದ: ಅವನಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಗುಜರಿಯಿಂದ ಈ ಯಂತ್ರ ತಂದ. ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಉರುಳಿ ಬರುತ್ತದೆ. ಬಟನ್ ಒತ್ತಿ, ಎರಡು ರೆಕ್ಕೆಗಳಿಂದ ಅದನ್ನು ಮೇಲಕ್ಕೆ ಚಿಮ್ಮಬೇಕು. ನಡುವಿನ ಸಂದಿಗೆ ಜಾರಿತೋ, ಸೋಲು. ಹಳೆಯ ಬಲ್ಬುಗಳನ್ನೆಲ್ಲ ಕಿತ್ತು, ತಾನೇ ಹೊಸ ಗೂಡುಗಳಿಗೆ ತಂತಿ ಬೆಸೆದು, ಅವುಗಳಲ್ಲಿ ಅರವತ್ತೆರಡು ಎಲ್‌ಇಡಿ ದೀಪ ಒತ್ತಿ ಕೂರಿಸಿದ. ಗೆದ್ದರೆ ಹಸಿರು, ಸೋತರೆ ಸಂದಿಯ ಸುತ್ತಲಿನ ನಾಲ್ಕು ದೀಪ ಕೆಂಪು. ಬಣ್ಣ ಬೇರ್ಪಡಿಸಿ ಡಬ್ಬಿಗೆ ತುಂಬಿ ಕೊಡುವುದು ಹೆಂಡತಿಯ ಪಾಲಿನ ಕೆಲಸ.

ಒಂದು ದಿನ ಕಾದ ಸೋಲ್ಡರಿಂಗ್ ಕಡ್ಡಿಯನ್ನು ಅವಳು ಕಸೂತಿ ಹಾಕಿದ ಮೇಜಿನ ಬಟ್ಟೆಯ ಮೇಲಿಟ್ಟು ಮರೆತ. ಅವಳ ಪಿತ್ತ ನೆತ್ತಿಗೇರಿತು. ಕೆಂಪಿನ ಡಬ್ಬಿಗೆ ಹಸಿರು ತುಂಬಿ ಕೊಟ್ಟಳು. ಅಂದಿನಿಂದ ಗುಂಡು ಸಂದಿಗೆ ಬಿದ್ದಾಗಲೆಲ್ಲ ಯಂತ್ರ ಮದುವೆ ಮನೆಯಂತೆ ಹಸಿರಾಗಿ ಕುಣಿಯುತ್ತಿತ್ತು. "ಛೇ, ಮತ್ತೆ ಕೆಂಪು!" ಎಂದು ಅವನು ಕೈ ಹಿಸುಕಿಕೊಳ್ಳುವನು, ಅವಳು ಬಾಯಿಗೆ ಕೈ ಅಡ್ಡವಿಟ್ಟು ನಗುವಳು. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಆರು ವರ್ಷ ಕಳೆಯಿತು. ನಿನ್ನೆ ಬೆಳಗ್ಗೆ ಅವನು ಕುಳಿತ ಕುರ್ಚಿಯಲ್ಲೇ ಕಣ್ಣು ಮುಚ್ಚಿದ.

*

"ಕಾಣದ ಕಣ್ಣಿಗೆ ಮಣ್ಣೆರಚಿದೆ," ಎಂದು ಎಲ್ಲವನ್ನೂ ಹೇಳಿ ಮುಗಿಸಿದಳು.

ದರ್ಜಿ ಗಂಟಲು ಸರಿಮಾಡಿಕೊಂಡ. "ಅತ್ತಿಗೆ, ಅವನಿಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ದೀಪ ಹಾಕಿದ ವಾರದಲ್ಲೇ ಒಂದನ್ನ ಕಿತ್ಕೊಂಡು ನನ್ನ ಅಂಗಡಿಗೆ ಬಂದ. ಬ್ಯಾಟರಿಗೆ ಹಚ್ಚಿ, 'ಲೋ ಕತ್ತರಿ, ಇದ್ಯಾವ ಬಣ್ಣ ನೋಡು. ನಾನು ಸೋತಾಗ ಇವಳು ಯಾಕೋ ನಗ್ತಾಳೆ' ಅಂದ. ನನ್ನ ಹೊಟ್ಟೆಪಾಡೇ ಬಣ್ಣದ್ದು, ಸುಳ್ಳು ಹೇಳೋಕಾಗುತ್ತಾ? ಹಸಿರು ಅಂದೆ. ಬಿದ್ದು ಬಿದ್ದು ನಕ್ಕ."

"ಮತ್ತೆ ಬದಲಾಯಿಸಲಿಲ್ಲ ಯಾಕೆ?"

"ಬದಲಾಯಿಸಿದ್ರೆ ನಿಮ್ಮ ನಗು ನಿಲ್ತಿತ್ತಲ್ಲ! ನನ್ನನ್ನ ಆ ಪುಣ್ಯಾತ್ಮ ಒಂದು ಸಲಾನೂ ಗೆಲ್ಲೋಕೆ ಬಿಟ್ಟವನಲ್ಲ. ನೀವು ಕೋಣೆಗೆ ಬಂದ್ರೆ ಮಾತ್ರ ಅವನ ಕೈ ಜಾರ್ತಿತ್ತು."

ಮುದುಕಿ ಪಕ್ಕದ ಕೋಣೆಯತ್ತ ದುರುಗುಟ್ಟಿ ನೋಡಿದಳು.

"ಕಳ್ಳ! ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅನ್ನೋ ಹಾಗೆ ಮುಖ ಮಾಡ್ಕೊಂಡಿರ್ತಿದ್ರಲ್ಲ!"

ಮಗಳು ನಗು ತಡೆಯಲಾಗದೆ ಗೋಡೆಗೊರಗಿದಳು. ಮುದುಕಿ ಕಿತ್ತ ದೀಪವನ್ನು ಅದರ ಜಾಗದಲ್ಲೇ ಒತ್ತಿ ಕೂರಿಸಿ, ಸ್ವಿಚ್ ಹಾಕಿ, ದರ್ಜಿಯ ಬೆನ್ನು ತಟ್ಟಿದಳು. "ಹೂಂ, ಸೋಲಿ ನೋಡೋಣ."

ಅವನಿಗೆ ಅದೇನು ಕಷ್ಟದ ಕೆಲಸವಲ್ಲ. ಗುಂಡು ಸಂದಿಗೆ ಬಿತ್ತು. ಕೋಣೆಯೆಲ್ಲ ಹಸಿರಾಯಿತು. ಪಿಸುಗುಟ್ಟುತ್ತಿದ್ದವರು ಎದ್ದು ಬಂದು ಇಣುಕಿದರು. ಸಂಗತಿ ಬಾಯಿಂದ ಬಾಯಿಗೆ ಹಬ್ಬಿತು.

"ನಂಗೂ ಒಂದ್ಸಲ ಬಿಡಿ," ಎಂದರು ಸತ್ತವನ ಅಕ್ಕ, ಕೋಲನ್ನು ಯಾರದೋ ಕೈಗಿತ್ತು.

ಗಾಡಿ ಬಂದು ಎರಡು ಸಲ ಹಾರ್ನ್ ಮಾಡಿತು. ಯಾರೂ ಬಾರದ್ದನ್ನು ಕಂಡು ಡ್ರೈವರ್ ಇಳಿದು ಬಂದ. ಯಂತ್ರದ ಮುಂದಿನಿಂದ ಹೊರಟ ಸಾಲು, ಮಲಗಿದ್ದವನ ಪಕ್ಕದಲ್ಲೇ ಹಾದು, ಹೊರಗಿನ ಮೆಟ್ಟಿಲವರೆಗೆ ಬೆಳೆದಿತ್ತು.

"ಇದೇನ್ರೀ ಸಾಲು?"

"ಸೋಲೋಕೆ," ಎಂದರು ಯಾರೋ.

ಡ್ರೈವರ್ ಗಡಿಯಾರ ನೋಡಿಕೊಂಡ. ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೊನೆಯಲ್ಲಿ ಹೋಗಿ ನಿಂತ.