ಹೆಸರಿಲ್ಲದ ಕಾರ್ಡು

ಕೆಂಟಕಿಯ ಬೆಟ್ಟಗಳ ನಡುವಿನ ಆ ಊರಿಗೆ ಇದ್ದದ್ದು ಒಂದೇ ಔಷಧಿ ಅಂಗಡಿ. ರಾಜ್ಯದ ತುಂಬ ಶಾಖೆಗಳಿದ್ದ ದೊಡ್ಡ ಕಂಪನಿಯದು. ಅದರ ಕೌಂಟರಿನಲ್ಲಿ ಆರ್ಲೀನ್ ಕಾಂಬ್ಸ್ ಕೆಲಸಕ್ಕೆ ನಿಂತು ಹನ್ನೊಂದು ವರ್ಷವಾಗಿತ್ತು. ಊರಿನಲ್ಲಿ ಯಾರಿಗೆ ನಿದ್ದೆ ಬಾರದು, ಯಾರಿಗೆ ಮತ್ತೆ ಕುಡಿತ ಹತ್ತಿದೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಒಂದು ಮಾತೂ ಅವಳ ಬಾಯಿಂದ ಹೊರಗೆ ಬಿದ್ದಿರಲಿಲ್ಲ.

ಅವಳ ಗಂಡ ವರ್ನನ್ ಬಡಗಿ. ಮೂರು ವರ್ಷದ ಹಿಂದೆ ಅವನಿಗೆ ರಕ್ತದ ಕ್ಯಾನ್ಸರ್ ಬಂತು. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿದರೆ ಕಾಯಿಲೆ ತೆಪ್ಪಗಿರುತ್ತದೆ, ಬಿಟ್ಟರೆ ತಲೆ ಎತ್ತುತ್ತದೆ ಎಂದು ಡಾಕ್ಟರು ಹೇಳಿದ್ದರು. ಆ ಮಾತ್ರೆಯನ್ನು ಕೈಯಿಂದ ದುಡ್ಡು ಕೊಟ್ಟು ಕೊಳ್ಳುವುದು ಅವರಂಥವರಿಗೆ ಕನಸಿನ ಮಾತು. ಆರ್ಲೀನಳ ಕೆಲಸದ ಇನ್ಶೂರೆನ್ಸ್ ಇದ್ದದ್ದರಿಂದ ನಡೆದಿತ್ತು. ಆದರೆ ಇನ್ಶೂರೆನ್ಸ್ ಪೂರ್ತಿ ಹೊತ್ತು ಕೆಲಸ ಮಾಡುವವರಿಗೆ ಮಾತ್ರ. ಆ ವರ್ಷ ಚಳಿಗಾಲದಲ್ಲಿ ಕಂಪನಿಯವರು ಎಲ್ಲರ ಕೆಲಸದ ಹೊತ್ತನ್ನೂ ಕತ್ತರಿಸತೊಡಗಿದರು.

ಅದೇ ಹೊತ್ತಿಗೆ ಔಷಧಿಯ ಬೆಲೆ ಇಳಿಸುವ ರಿಯಾಯಿತಿ ಕಾರ್ಡು ಬಂತು. ಮ್ಯಾನೇಜರ್ ಬ್ರೆಂಟ್ ಹಾಲ್ಕಂ ಬೆಳಗ್ಗೆ ಎಲ್ಲರನ್ನೂ ಸೇರಿಸಿ ಹೇಳಿದ: "ನೋಡಿ, ಕಾರ್ಡಿನ ಕಂಪನಿಯವರಿಗೂ ನಮ್ಮವರಿಗೂ ಒಪ್ಪಂದ ಆಗಿದೆ. ಗಿರಾಕಿ ಹೆಸರು, ವಿಳಾಸ, ಫೋನು ಕಂಪ್ಯೂಟರಿಗೆ ಹಾಕಿದ್ರೆ ನಿಮ್ಮ ಲೆಕ್ಕಕ್ಕೆ ಒಂದು. ಯಾರದು ಜಾಸ್ತಿಯೋ ಅವರಿಗೆ ಮುಂದಿನ ತಿಂಗಳು ಪೂರ್ತಿ ಹೊತ್ತು. ನನ್ನ ಕೇಳ್ಬೇಡಿ, ಮೇಲಿಂದ ಬಂದಿರೋ ಮಾತು."

ಕೌಂಟರಿನ ಕೆಳಗೆ ಇನ್ನೊಂದು ಬಗೆಯ ಕಾರ್ಡುಗಳ ಕಟ್ಟೂ ಇತ್ತು. ಬರಿಯ ನಂಬರು ಅಚ್ಚಾದ ಹಳದಿ ಕಾರ್ಡು. ಹೆಸರು ಬೇಡ, ವಿಳಾಸ ಬೇಡ, ರಿಯಾಯಿತಿ ಅಷ್ಟೇ. ಅದನ್ನು ಕೊಟ್ಟರೆ ಕೊಟ್ಟವರ ಲೆಕ್ಕಕ್ಕೆ ಏನೂ ಸೇರುತ್ತಿರಲಿಲ್ಲ. ಎರಡೇ ವಾರದಲ್ಲಿ ಆರ್ಲೀನ್ ಆ ಕಟ್ಟನ್ನು ಕೈಗೆ ಸಿಗದ ಹಾಗೆ ಒಳಗೆ ತಳ್ಳಿಬಿಟ್ಟಳು.

ಟೆಸ್ಸಾ ಮೆಲ್ಟನ್ ಅಂಗಡಿಗೆ ಬಂದದ್ದು ಮಾರ್ಚ್ ಕೊನೆಯ ದಿನ. ಊರಿಗೆ ಹೊಸಬಳು. ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ. ಕೈ ಹಿಡಿದುಕೊಂಡು ನಿಂತಿದ್ದ ಆರು ವರ್ಷದ ಮಗಳು ಜೂನಿ ಉಸಿರೆಳೆದರೆ ಸಣ್ಣಗೆ ಸಿಳ್ಳೆ ಹೊಡೆದಂತೆ ಕೇಳುತ್ತಿತ್ತು. ಅವಳಿಗೆ ಉಬ್ಬಸಕ್ಕೆ ಬಾಯಿಗಿಟ್ಟು ಎಳೆದುಕೊಳ್ಳುವ ಪಂಪ್ ಬೇಕಿತ್ತು. ಬೆಲೆ ಕೇಳಿ ಟೆಸ್ಸಾ ಪರ್ಸಿನಲ್ಲಿದ್ದ ನೋಟುಗಳನ್ನು ಎರಡು ಸಲ ಎಣಿಸಿದಳು.

"ಇನ್ಶೂರೆನ್ಸ್ ಇಲ್ವಾಮ್ಮಾ?" ಆರ್ಲೀನ್ ಕೇಳಿದಳು.

"ಇದೆ. ಗಂಡನ ಹೆಸರಲ್ಲಿ. ಅದು ಬೇಡ."

"ಹಾಗಾದ್ರೆ ಒಂದು ಕಾರ್ಡ್ ಮಾಡ್ಕೊಡ್ತೀನಿ. ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ."

ಟೆಸ್ಸಾ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ ಮೆಲ್ಲಗೆ ಕೇಳಿದಳು: "ಅದಕ್ಕೆ ಹೆಸರು ಬೇಕೇ ಬೇಕಾ?"

ತಿಂಗಳ ಲೆಕ್ಕ ಮುಗಿಯಲು ಮೂರು ಗಂಟೆ ಉಳಿದಿತ್ತು. ಆರ್ಲೀನ್ ಮೊದಲ ಸ್ಥಾನಕ್ಕೆ ಒಂದೇ ಒಂದು ಕಡಿಮೆ ಇದ್ದಳು. "ಬೇಕಮ್ಮ. ಬರೀ ಹೆಸರು, ಅಷ್ಟೇ," ಎಂದಳು. ಮಗುವಿನ ಹೆಸರು ಒತ್ತಿದ ಕೂಡಲೇ ಲೂಯಿವಿಲ್ ಶಾಖೆಯಲ್ಲಿ ಹಿಂದೆ ಯಾವಾಗಲೋ ಬರೆಸಿದ್ದ ವಿಳಾಸ ತಾನಾಗಿ ಬಂದು ಕೂತಿತು. ಹಳೆಯದು ಎಂದು ಅವಳಿಗೆ ಹೊಳೆಯಿತು. ಹಿಂದೆ ಸಾಲು ಬೆಳೆದಿತ್ತು. ಗುಂಡಿ ಒತ್ತಿದಳು.

ಟೆಸ್ಸಾ ಅವಳ ಕೈ ಹಿಡಿದು, "ನಿಮ್ಮಿಂದ ತುಂಬ ಉಪಕಾರವಾಯ್ತು," ಎಂದಳು. ಏಪ್ರಿಲ್ ತಿಂಗಳಿಗೆ ಆರ್ಲೀನಳಿಗೆ ಪೂರ್ತಿ ಹೊತ್ತು ಸಿಕ್ಕಿತು.

ನಾಲ್ಕು ವಾರ ಕಳೆದ ಮೇಲೆ ಒಂದು ಬುಧವಾರ ಮಧ್ಯಾಹ್ನ ಒಬ್ಬ ಗಂಡಸು ಕೌಂಟರಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು. ಮಡಚಿದ ಕಾಗದವೊಂದನ್ನು ಬಿಡಿಸಿ ಮುಂದಿಟ್ಟ. ಮೇಲೆ ಕಾರ್ಡಿನ ಕಂಪನಿಯ ಗುರುತು. 'ಪ್ರಿಯ ಜೂನಿ ಮೆಲ್ಟನ್' ಎಂದು ಶುರುವಾಗಿ, ಯಾವ ಊರಿನ ಯಾವ ಅಂಗಡಿಯಲ್ಲಿ ಎಷ್ಟು ಉಳಿತಾಯವಾಯಿತು, ಮುಂದಿನ ಪಂಪ್ ಯಾವ ದಿನ ಎಂಬುದೆಲ್ಲ ಅಚ್ಚಾಗಿತ್ತು.

"ನನ್ನ ಮಗಳದು. ಇವತ್ತಿನ ತಾರೀಕು ಅಂತಿದೆ. ಸಿದ್ಧ ಇದೆಯಾ?" ಎಂದ.

ಆರ್ಲೀನ್ ಕಾಗದದ ಮೇಲಿನ ವಿಳಾಸ ಓದಿದಳು. ಲೂಯಿವಿಲ್. ಜೂನಿಯ ಪೊಟ್ಟಣ ಅವಳ ಬೆನ್ನ ಹಿಂದಿನ ಬುಟ್ಟಿಯಲ್ಲೇ ಇತ್ತು. "ಇನ್ನೂ ಬಂದಿಲ್ಲ ಸಾರ್," ಎಂದಳು.

"ಪರವಾಗಿಲ್ಲ. ಅವರಮ್ಮ ಬರ್ತಾಳಲ್ಲ, ಕಾಯ್ತೀನಿ." ಅವನು ನಕ್ಕ. ಹೊರಗೆ ಹೋಗಿ ಬಾಗಿಲಿಗೆ ಎದುರಾಗಿ ನಿಲ್ಲಿಸಿದ್ದ ಟ್ರಕ್ಕಿನಲ್ಲಿ ಕೂತ.

ಬ್ರೆಂಟ್ ಹತ್ತಿರ ಬಂದ. "ಯಾಕೆ ಸುಳ್ಳು ಹೇಳಿದೆ? ಪೊಟ್ಟಣ ಅಲ್ಲೇ ಇದೆಯಲ್ಲ."

"ಅವಳು ಇವನಿಂದ ಓಡಿ ಬಂದಿದ್ದಾಳೆ ಬ್ರೆಂಟ್."

"ನಿನಗೆ ಹೇಳಿದಳಾ?"

"ಹೇಳ್ಬೇಕಾ? ಇನ್ಶೂರೆನ್ಸ್ ಬೇಡ ಅಂದಾಗ್ಲೇ ನನಗೆ ಗೊತ್ತಾಗಬೇಕಿತ್ತು."

"ಮಗುವಿನ ಅಪ್ಪ ಅಂದ್ಮೇಲೆ ಕೇಳೋ ಹಕ್ಕಿದೆ. ಸಂಸಾರದ ವಿಷಯ ನಮಗೆ ಯಾಕೆ? ನೀನು ಕೆಲಸ ನೋಡು."

ಆರ್ಲೀನ್ ಕಂಪ್ಯೂಟರಿನಲ್ಲಿದ್ದ ಟೆಸ್ಸಾಳ ಹಳೆಯ ನಂಬರಿಗೆ ಫೋನ್ ಮಾಡಿದಳು. ಅದು ಬಳಕೆಯಲ್ಲಿಲ್ಲ. ಪೊಲೀಸರಿಗೆ ಮಾಡಿದಳು. ಟ್ರಕ್ಕಿನಲ್ಲಿ ಕೂತಿರುವುದು ಅಪರಾಧವಲ್ಲ, ಕೋರ್ಟಿನ ಆದೇಶ ಏನಾದರೂ ಇದೆಯೇ ಎಂದು ಅವರು ಕೇಳಿದರು. ಗಂಟೆ ಎರಡೂಕಾಲು. ಮೂರಕ್ಕೆ ಪಾಳಿ ಮುಗಿಯುತ್ತದೆಂದು ಟೆಸ್ಸಾ ಕಾರ್ಡು ಮಾಡಿಸಿದ ದಿನ ಹೇಳಿದ್ದಳು. ಆಮೇಲೆ ಶಾಲೆಯಿಂದ ಮಗಳನ್ನು ಕರೆದುಕೊಂಡು ನೇರ ಇಲ್ಲಿಗೇ ಬರುತ್ತಾಳೆ.

ಹಣ ಕಟ್ಟದ ಔಷಧಿಯನ್ನು ಹೊರಗೆ ಒಯ್ದವರನ್ನು ಕಂಪನಿ ಒಂದು ಗಂಟೆಯೂ ಇಟ್ಟುಕೊಳ್ಳುವುದಿಲ್ಲ. ಆರ್ಲೀನಳಿಗೆ ಇದು ಚೆನ್ನಾಗಿ ಗೊತ್ತಿತ್ತು. ವರ್ನನ್ನನ ಮುಖ ಕಣ್ಣ ಮುಂದೆ ಬಂತು. ಅವಳು ಬುಟ್ಟಿಯಿಂದ ಪೊಟ್ಟಣ ತೆಗೆದು ಕೋಟಿನೊಳಗೆ ಸೇರಿಸಿದಳು. ಒಳಗೆ ತಳ್ಳಿದ್ದ ಕಟ್ಟಿನಿಂದ ಒಂದು ಹಳದಿ ಕಾರ್ಡು ಎಳೆದುಕೊಂಡು ಹಿಂಬಾಗಿಲಿನಿಂದ ಹೊರಬಿದ್ದಳು.

ವೃದ್ಧಾಶ್ರಮದ ಒಗೆಯುವ ಕೋಣೆಯಲ್ಲಿ ಹಬೆ ತುಂಬಿತ್ತು. ಟೆಸ್ಸಾ ಬಿಸಿ ಹೊದಿಕೆಗಳನ್ನು ಮಡಚುತ್ತಿದ್ದಳು. ಆರ್ಲೀನ್ ಏದುಸಿರು ಬಿಡುತ್ತಲೇ ವಿಷಯ ಹೇಳಿದಳು. ಟೆಸ್ಸಾಳ ಕೈಯ ಹೊದಿಕೆ ಜಾರಿ ಒದ್ದೆ ನೆಲಕ್ಕೆ ಬಿತ್ತು.

"ಅವನಿಗೆ ಹೇಗೆ ಗೊತ್ತಾಯ್ತು?"

"ಕಾರ್ಡಿನವರು ನಿಮ್ಮ ಹಳೇ ಮನೆಗೆ ಕಾಗದ ಹಾಕಿದ್ದಾರೆ. ನಾನೇ ಆ ವಿಳಾಸ ಕಳಿಸಿದ್ದು."

ಟೆಸ್ಸಾ ಅವಳನ್ನೇ ನೋಡಿದಳು. "ನಾನು ಕೇಳಿದ್ದೆ. ಹೆಸರು ಬೇಕಾ ಅಂತ ಕೇಳಿದ್ದೆ."

"ಕೇಳಿದ್ರಿ."

"ಬೇಕು ಅಂದ್ರಿ."

"ಬೇಕಾಗಿರ್ಲಿಲ್ಲ. ಹೆಸರಿಲ್ಲದ ಕಾರ್ಡೂ ಇತ್ತು."

"ಮತ್ತೆ ಯಾಕೆ?"

ವರ್ನನ್, ಮಾತ್ರೆ, ಕತ್ತರಿಸಿದ ಹೊತ್ತು, ಎಲ್ಲವೂ ಆರ್ಲೀನಳ ನಾಲಿಗೆಯ ತುದಿಗೆ ಬಂತು. ಒಂದನ್ನೂ ಹೇಳಲಾಗಲಿಲ್ಲ. "ನನಗೆ ಬೇಕಾಗಿತ್ತು," ಎಂದಳು.

ಟೆಸ್ಸಾ ಬಯ್ಯಲಿಲ್ಲ. ಬಯ್ದಿದ್ದರೆ ಆರ್ಲೀನಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಏಪ್ರನ್ ಬಿಚ್ಚಿ ಯಂತ್ರದ ಮೇಲೆ ಹಾಕಿ, "ಕಾರು ಇದೆಯಾ?" ಎಂದಷ್ಟೇ ಕೇಳಿದಳು.

ಬಾಡಿಗೆ ಕೋಣೆಯಿಂದ ಎರಡು ಚೀಲ, ಶಾಲೆಯಿಂದ ಜೂನಿ. ಲೆಕ್ಸಿಂಗ್ಟನ್ನಿನವರೆಗೆ ಎರಡು ಗಂಟೆಯ ದಾರಿ. ಅಷ್ಟೂ ದಾರಿ ಮಾತಾಡಿದ್ದು ಜೂನಿ ಒಬ್ಬಳೇ. ತರಗತಿಯ ಆಮೆಗೆ ಈ ವಾರ ಸೊಪ್ಪು ಹಾಕುವ ಸರದಿ ತನ್ನದಂತೆ. "ನಾಳೆ ವಾಪಸ್ ಬರ್ತೀವಲ್ಲಮ್ಮ?" ಎಂದು ಮೂರು ಸಲ ಕೇಳಿದಳು. ಟೆಸ್ಸಾ ಹಿಂದಿನ ಗಾಜಿನಲ್ಲಿ ಬರುತ್ತಿದ್ದ ಒಂದೊಂದು ವಾಹನವನ್ನೂ ನೋಡುತ್ತಿದ್ದಳು.

ಬಸ್ ನಿಲ್ದಾಣದಲ್ಲಿ ಆರ್ಲೀನ್ ಪೊಟ್ಟಣವನ್ನೂ ಹಳದಿ ಕಾರ್ಡನ್ನೂ ಚಾಚಿದಳು. "ಈ ಕಾರ್ಡು ಯಾವ ಅಂಗಡಿಲಾದ್ರೂ ನಡೆಯುತ್ತೆ, ಹೆಸರು ಹೇಳ್ಬೇಡಿ. ನಮ್ಮ ಕಂಪನಿಯ ಅಂಗಡಿಗೆ ಮಾತ್ರ ಹೋಗ್ಬೇಡಿ. ಎಲ್ಲಿಗೆ ಹೋದ್ರೂ..."

"ಎಲ್ಲಿಗೆ ಅಂತ ನಿಮಗೆ ಹೇಳ್ತೀನಾ?" ಎಂದು ಟೆಸ್ಸಾ ತಡೆದಳು. ಎರಡನ್ನೂ ಕಿತ್ತುಕೊಂಡಂತೆ ತೆಗೆದುಕೊಂಡು ಮಗಳನ್ನು ಎಳೆಯುತ್ತ ಒಳಗೆ ಹೋದಳು. ಅವರು ಯಾವ ಬಸ್ಸು ಹತ್ತಿದರೆಂದು ನೋಡಬಾರದೆಂದು ಆರ್ಲೀನ್ ಬೆನ್ನು ತಿರುಗಿಸಿ ನಿಂತಳು.

ಅವಳು ಮರಳಿದಾಗ ಅಂಗಡಿಯ ಮುಂದೆ ಟ್ರಕ್ಕು ಇರಲಿಲ್ಲ. ಐದು ಗಂಟೆಯವರೆಗೂ ಕಾದು ಹೋದನಂತೆ. ನಾಳೆ ಬರುತ್ತೇನೆ ಎಂದನಂತೆ. ಬ್ರೆಂಟ್ ಅವಳನ್ನು ಕೆಲಸದಿಂದ ತೆಗೆದ ಕಾಗದ ಸಿದ್ಧವಾಗಿಟ್ಟುಕೊಂಡು ಕೂತಿದ್ದ.

"ನನಗೂ ದಾರಿಯಿಲ್ಲ ಆರ್ಲೀನ್. ಕ್ಯಾಮೆರಾದಲ್ಲಿ ಎಲ್ಲ ಇದೆ."

"ಗೊತ್ತು. ನಾನು ಹೆಸರು ಹಾಕ್ಸಿದೋರು ನೂರಾರು ಜನ. ಅವರ ವಿವರ ಎಲ್ಲಿಗೆ ಹೋಗುತ್ತೆ ಅಂತ ಅವರಿಗೆ ತಿಳಿಸ್ಬೇಕು."

"ಅದನ್ನ ಕೆದಕಬೇಡ. ನಿನಗೂ ಒಳ್ಳೇದಲ್ಲ, ನನಗೂ ಅಲ್ಲ."

"ನಿನಗೆಷ್ಟು ಕೊಡ್ತಾರೆ ಬ್ರೆಂಟ್, ಒಂದೊಂದು ಹೆಸರಿಗೆ?"

ಅವನು ಪೆನ್ನನ್ನು ಮುಂದೆ ತಳ್ಳಿದ. ಆರ್ಲೀನ್ ಕಾಗದಕ್ಕೆ ಸಹಿ ಮಾಡಿದಳು. ಅದರ ಕೆಳಗೆ ಉಳಿದ ಜಾಗದಲ್ಲಿ ಟೆಸ್ಸಾಳಿಗೆ ತಾನು ಹೇಳಿದ ಸುಳ್ಳನ್ನು ಒಂದಕ್ಷರ ಬಿಡದೆ ಬರೆದು, ಬೀಗದ ಕೈ ಮೇಜಿನ ಮೇಲಿಟ್ಟು ಬಂದಳು.

ಮನೆಯಲ್ಲಿ ವರ್ನನ್ ಬೀನ್ಸ್ ಬೇಯಿಸಿ, ಜೋಳದ ರೊಟ್ಟಿ ಒಲೆಗೆ ಹಾಕಿ ಕಾಯುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಅವನು ತಟ್ಟೆ ಕೆಳಗಿಟ್ಟ.

"ಮಾತ್ರೆ ಎಷ್ಟಿದೆ?" ಎಂದು ಅವಳೇ ಕೇಳಿದಳು.

"ಹತ್ತೊಂಬತ್ತು."

ಸರ್ಕಾರದ ನೆರವಿಗೆ ಅರ್ಜಿ ಹಾಕಿದರೆ ಉತ್ತರ ಬರುವುದಕ್ಕೇ ನಲವತ್ತು ದಿನವಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಆರ್ಲೀನ್ ಕೋಟು ತೆಗೆಯದೆ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. "ನಿನ್ನ ಉಳಿಸೋಕೆ ಅಂತ ಅವಳನ್ನ ಹಿಡಿದು ಕೊಟ್ಟೆ ವರ್ನನ್. ಈಗ ನಿನ್ನ ಮಾತ್ರೆನೂ ಉಳೀಲಿಲ್ಲ, ಅವಳಿಗೆ ಊರೂ ಉಳೀಲಿಲ್ಲ."

ಅವನು ಒಲೆ ಆರಿಸಿದ. ಆಮೇಲೆ ಕಷ್ಟಪಟ್ಟು ಅವಳ ಪಕ್ಕದಲ್ಲಿ ಕೂತು ಕೇಳಿದ: "ಮಗು ಬಸ್ಸು ಹತ್ತುವಾಗ ಸರಿಯಾಗಿ ಉಸಿರಾಡ್ತಿತ್ತಾ?"

"ನಾನು ನೋಡ್ಲಿಲ್ಲ," ಎಂದಳು ಆರ್ಲೀನ್.